ಗಾರೆ ಹಚ್ಚದ ಒಂದು ಮೊಳ ಗೋಡೆ



ನಮ್ಮ ಹಳ್ಳಿಗಳಲ್ಲಿ ಒಂದು ಮನೆಯಲ್ಲಿ ಸಾವಾದರೆ ಅಂದು ಆ ಮನೆಯ ಒಲೆ ಉರಿಯುವುದಿಲ್ಲ. ನೆರೆಯವರೇ ಅನ್ನ, ಸಾರು ಮಾಡಿ ತಂದು, ಒತ್ತಾಯ ಮಾಡಿ ಉಣ್ಣಿಸುತ್ತಾರೆ. ಮೂರನೆಯ ದಿನ, ಹನ್ನೊಂದನೆಯ ದಿನ, ಹದಿಮೂರನೆಯ ದಿನ ಎಂದು ಒಂದು ಲೆಕ್ಕ ಇರುತ್ತದೆ. ಆಮೇಲೆ ವರ್ಷಕ್ಕೊಮ್ಮೆ ತಿಥಿ. ಹಿರಿಯರು ಮಾಡಿಟ್ಟ ಶಾಸ್ತ್ರ ಎಂದು ನಾವು ಇದನ್ನು ನಡೆಸಿಕೊಂಡು ಬಂದಿದ್ದೇವೆ. ಒಂದು ಗಳಿಗೆ ನಿಂತು ಯೋಚಿಸಿ ನೋಡಿ. ದುಃಖದಲ್ಲಿ ಮುಳುಗಿದವರಿಗೆ ಮುಂದೇನು ಮಾಡಬೇಕೆಂದು ತೋಚುವುದಿಲ್ಲ. ಆಗ ಈ ಲೆಕ್ಕವೇ ಅವರ ಕೈಹಿಡಿದು ಒಂದೊಂದು ದಿನವನ್ನೂ ದಾಟಿಸುತ್ತದೆ.

ಇನ್ನು, ಒಬ್ಬ ಮನುಷ್ಯನ ಬದಲು ಒಂದು ನಾಡೇ ನಾಶವಾದರೆ ಏನು ಮಾಡಬೇಕು? ಊರು ಸುಟ್ಟು, ಗುಡಿ ಕುಸಿದು, ಉಳಿದವರು ದಿಕ್ಕಿಗೊಬ್ಬರಾಗಿ ಹೋದರೆ ಆ ಅಳುವಿಗೆ ಎಷ್ಟು ದಿನದ ಲೆಕ್ಕ? ಈ ಪ್ರಶ್ನೆಯನ್ನು ಎದುರಿಸಿ, ಅದಕ್ಕೆ ತಮ್ಮದೇ ಆದ ಉತ್ತರ ಕಂಡುಕೊಂಡವರು ಯಹೂದಿ ಜನ. ಅವರ ಚರಿತ್ರೆಯಲ್ಲಿ ರಾಜರ ಕಥೆ, ಯುದ್ಧಗಳ ಕಥೆ ಬೇಕಾದಷ್ಟಿದೆ. ಇಂದು ಅದು ಬೇಡ. ಕಷ್ಟದ ಮೇಲೆ ಕಷ್ಟ ಬಂದಾಗ ಅವರು ಏನನ್ನು ಓದಿದರು, ಏನನ್ನು ಪಾಲಿಸಿದರು ಎಂಬುದನ್ನಷ್ಟೇ ನೋಡೋಣ.

ಕ್ರಿ.ಪೂ. ೫೮೬ರ ಸುಮಾರಿನಲ್ಲಿ ಬ್ಯಾಬಿಲೋನಿನ ಅರಸ ನೆಬುಕದ್ನೆಚ್ಚರನ ಸೈನ್ಯ ಜೆರುಸಲೇಮ್ ಪಟ್ಟಣವನ್ನು ಮುತ್ತಿ ಹಿಡಿಯಿತು. ಅರಸ ಸೊಲೊಮೋನ ಕಟ್ಟಿಸಿದನೆಂದು ಹೇಳುವ ದೇವಾಲಯವನ್ನು ಸುಟ್ಟುಹಾಕಿತು. ಬಲಿ, ಧೂಪ, ಯಾತ್ರೆ ಎಲ್ಲಕ್ಕೂ ಯಹೂದಿಗಳಿಗೆ ಆ ದೇವಾಲಯವೇ ಕೇಂದ್ರವಾಗಿತ್ತು. ಜನರಲ್ಲಿ ಬಹಳ ಮಂದಿಯನ್ನು ಸೆರೆಹಿಡಿದು ದೂರದ ಯೂಫ್ರೆಟಿಸ್ ನದಿಯ ಬಯಲಿಗೆ ಸಾಗಿಸಿದರು.

ಆ ದುಃಖದಿಂದ ಹುಟ್ಟಿದ ಒಂದು ಚಿಕ್ಕ ಗ್ರಂಥವಿದೆ. ಹೀಬ್ರೂ ಭಾಷೆಯಲ್ಲಿ ಅದಕ್ಕೆ ‘ಎಖಾ’ ಎಂದು ಹೆಸರು. ಹೇಗೆ, ಹೀಗಾದದ್ದು ಹೇಗೆ ಎಂಬ ಉದ್ಗಾರ ಅದು. ಕನ್ನಡ ಬೈಬಲ್ ನೋಡಿದವರಿಗೆ ಇದು ‘ಪ್ರಲಾಪಗಳು’ ಎಂಬ ಹೆಸರಿನಲ್ಲಿ ಗೊತ್ತಿದೆ. ಅದರಲ್ಲಿ ಇರುವುದು ಐದೇ ಅಧ್ಯಾಯ. ಹಸಿದ ಮಕ್ಕಳು, ಬರಿದಾದ ಬೀದಿಗಳು, ಕೈಬಿಟ್ಟ ಸ್ನೇಹಿತರು, ಕೊನೆಗೆ ದೇವರ ಮೇಲಿನ ದೂರು, ಎಲ್ಲವೂ ಅದರಲ್ಲಿ ಬರುತ್ತದೆ. ಯಾವುದನ್ನೂ ಮುಚ್ಚಿಟ್ಟಿಲ್ಲ.

ಆದರೆ ಅದನ್ನು ಕಟ್ಟಿದ ರೀತಿಯನ್ನು ಗಮನಿಸಿ. ಹೀಬ್ರೂ ಅಕ್ಷರಮಾಲೆಯಲ್ಲಿ ೨೨ ಅಕ್ಷರಗಳಿವೆ. ಮೊದಲನೆಯ ಅಧ್ಯಾಯದಲ್ಲಿ ೨೨ ವಚನಗಳು, ಒಂದೊಂದು ವಚನ ಒಂದೊಂದು ಅಕ್ಷರದಿಂದ ಆರಂಭ. ಎರಡನೆಯದೂ ನಾಲ್ಕನೆಯದೂ ಹಾಗೆಯೇ. ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ ೬೬ ವಚನಗಳು. ಐದನೆಯದರಲ್ಲಿ ಮತ್ತೆ ೨೨ ವಚನಗಳಿವೆ, ಆದರೆ ಅಕ್ಷರಗಳ ಕ್ರಮ ಇಲ್ಲ. ನಮ್ಮಲ್ಲಿ ಯಾರಾದರೂ ಅ ಇಂದ ಳ ವರೆಗೆ ಒಂದೊಂದು ಅಕ್ಷರ ಹಿಡಿದು ಶೋಕಗೀತೆ ಕಟ್ಟಿದಂತೆ ಎಂದುಕೊಳ್ಳಿ. ಕೊನೆಯೇ ಇಲ್ಲವೆಂದು ತೋರುವ ದುಃಖಕ್ಕೂ ಇಲ್ಲಿ ಒಂದು ಮೊದಲಕ್ಷರ ಇದೆ, ಒಂದು ಕಡೆಯ ಅಕ್ಷರ ಇದೆ. ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಪುಸ್ತಕ ಮುಚ್ಚಬಹುದು.

ಈ ಗ್ರಂಥವನ್ನು ಓದಲು ವರ್ಷದಲ್ಲಿ ಒಂದು ದಿನ ಗೊತ್ತುಮಾಡಿದ್ದಾರೆ. ನಮ್ಮ ಪಂಚಾಂಗದಂತೆ ಅವರದೂ ಚಂದ್ರನ ಲೆಕ್ಕ. ಸೂರ್ಯನ ವರ್ಷಕ್ಕೆ ಸರಿಹೊಂದಿಸಲು ೧೯ ವರ್ಷಗಳಲ್ಲಿ ೭ ಅಧಿಕ ಮಾಸಗಳನ್ನು ಸೇರಿಸುತ್ತಾರೆ. ಅವರ ಆವ್ ತಿಂಗಳ ಒಂಬತ್ತನೆಯ ದಿನ, ಅಂದರೆ ನಮಗೆ ಜುಲೈ-ಆಗಸ್ಟ್ ಹೊತ್ತಿಗೆ, ‘ತಿಷಾ ಬೆ ಆವ್’ ಎಂಬ ಶೋಕದ ದಿನ ಬರುತ್ತದೆ. ಸೂರ್ಯ ಮುಳುಗಿದಾಗಿನಿಂದ ಮರುದಿನ ಕತ್ತಲಾಗುವವರೆಗೆ ಅನ್ನ ನೀರು ಮುಟ್ಟುವುದಿಲ್ಲ. ಚರ್ಮದ ಪಾದರಕ್ಷೆ ಹಾಕುವುದಿಲ್ಲ. ರಾತ್ರಿ ಪ್ರಾರ್ಥನಾಮಂದಿರದಲ್ಲಿ ದೀಪ ಸಣ್ಣದು ಮಾಡಿ, ನೆಲದ ಮೇಲೆ ಕುಳಿತು, ತಗ್ಗಿದ ರಾಗದಲ್ಲಿ ‘ಎಖಾ’ ಓದುತ್ತಾರೆ.

ಅದರ ಕಡೆಯ ವಚನ ಬಹಳ ಕಹಿಯಾದದ್ದು. ಆದ್ದರಿಂದ ಅಲ್ಲಿಗೇ ನಿಲ್ಲಿಸುವುದಿಲ್ಲ. ಅದರ ಹಿಂದಿನ ವಚನದಲ್ಲಿ ದೇವರು ತಮ್ಮನ್ನು ಮತ್ತೆ ಹತ್ತಿರ ಕರೆದುಕೊಳ್ಳಲಿ ಎಂಬ ಬೇಡಿಕೆಯಿದೆ. ಎಲ್ಲರೂ ಅದನ್ನು ಮತ್ತೊಮ್ಮೆ ಗಟ್ಟಿಯಾಗಿ ಹೇಳಿ ಓದನ್ನು ಮುಗಿಸುತ್ತಾರೆ. ಮರುದಿನ ಮಧ್ಯಾಹ್ನವಾದ ಮೇಲೆ ನೆಲ ಬಿಟ್ಟು ಎದ್ದು ಪೀಠದ ಮೇಲೆ ಕುಳಿತುಕೊಳ್ಳುತ್ತಾರೆ. ಉಪವಾಸ ಇನ್ನೂ ಮುಗಿದಿರುವುದಿಲ್ಲ, ಆದರೂ ಏಳುವ ಹೊತ್ತು ಬಂದಿರುತ್ತದೆ. ಅದರ ಮುಂದಿನ ಏಳು ಶನಿವಾರಗಳಲ್ಲಿ ಯೆಶಾಯ ಪ್ರವಾದಿಯ ಗ್ರಂಥದಿಂದ ಸಮಾಧಾನದ ಭಾಗಗಳನ್ನೇ ಆರಿಸಿ ಓದುತ್ತಾರೆ. ಅಳಲು ಒಂದು ದಿನ, ಸಂತೈಸಲು ಏಳು ವಾರ. ಅವರ ಹಿರಿಯರು ಹಾಕಿಕೊಟ್ಟ ಲೆಕ್ಕ ಇದು.

ಬ್ಯಾಬಿಲೋನಿನಿಂದ ಒಂದಷ್ಟು ಜನ ಮರಳಿ ಬಂದು ಜೆರುಸಲೇಮಿನಲ್ಲಿ ಎರಡನೆಯ ದೇವಾಲಯ ಕಟ್ಟಿದರು. ಅಷ್ಟರಲ್ಲಿ ಆ ಪ್ರಾಂತ್ಯದ ಆಡಳಿತ ಭಾಷೆಯಾಗಿದ್ದ ಅರಮೇಯಿಕ್ ಬರಬರುತ್ತಾ ಮನೆಮಾತೂ ಆಯಿತು. ಗ್ರಂಥ ಮಾತ್ರ ಹೀಬ್ರೂವಿನಲ್ಲಿ. ಎರಡು ಭಾಷೆಗಳ ನಡುವೆ ಬದುಕುವುದು ಎಂದರೇನೆಂದು ನಿಮಗೆ ಬೇರೆಯವರು ಹೇಳಬೇಕಾಗಿಲ್ಲ. ಅವರು ಮಾಡಿಕೊಂಡ ಉಪಾಯ ಹೀಗಿತ್ತು. ಒಬ್ಬ ಗ್ರಂಥದಿಂದ ಒಂದು ವಚನ ಓದುವನು. ಪಕ್ಕದಲ್ಲಿ ನಿಂತ ಇನ್ನೊಬ್ಬ ಅದನ್ನು ಕೂಡಲೇ ಅರಮೇಯಿಕ್ ಮಾತಿನಲ್ಲಿ ಬಿಡಿಸಿ ಹೇಳುವನು. ಮೂಲವನ್ನೂ ಬಿಡಲಿಲ್ಲ, ಅರ್ಥವಾಗದೆ ಕುಳಿತಿರಿ ಎಂದು ಜನರಿಗೂ ಹೇಳಲಿಲ್ಲ. ಯೆಮನ್ ಮೂಲದ ಯಹೂದಿಗಳಲ್ಲಿ ಈ ಪದ್ಧತಿ ಇಂದಿಗೂ ಉಳಿದಿದೆ.

ಕ್ರಿ.ಶ. ೭೦ರಲ್ಲಿ ಆ ಎರಡನೆಯ ದೇವಾಲಯವೂ ಹೋಯಿತು. ಈ ಸಲ ಸುಟ್ಟದ್ದು ರೋಮನ್ ಸೇನಾಪತಿ ಟೈಟಸನ ಸೈನ್ಯ. ದೇವಾಲಯದ ಏಳು ಕವಲಿನ ದೀಪಸ್ತಂಭವನ್ನು ಸೈನಿಕರು ಹೊತ್ತೊಯ್ಯುವ ಶಿಲ್ಪವನ್ನು ರೋಮ್ ನಗರದ ಟೈಟಸ್ ಕಮಾನಿನ ಮೇಲೆ ಇಂದಿಗೂ ಕಾಣಬಹುದು. ಮುತ್ತಿಗೆಯ ಸಮಯದಲ್ಲಿ ಯೋಹನಾನ್ ಬೆನ್ ಜಕ್ಕಾಯ್ ಎಂಬ ಗುರುವನ್ನು ಶಿಷ್ಯರು ಶವದಂತೆ ಪೆಟ್ಟಿಗೆಯಲ್ಲಿ ಮಲಗಿಸಿ ಊರ ಹೊರಗೆ ಸಾಗಿಸಿದರೆಂದೂ, ಆತ ರೋಮನ್ನರಲ್ಲಿ ಯಾವ್ನೆ ಎಂಬ ಊರನ್ನೂ ಅಲ್ಲಿನ ವಿದ್ವಾಂಸರನ್ನೂ ಉಳಿಸಿಕೊಡಲು ಕೇಳಿದನೆಂದೂ ಪರಂಪರೆಯ ಕಥೆ ಹೇಳುತ್ತದೆ. ಯಾವ್ನೆಯಲ್ಲಿ ವಿದ್ಯಾಪೀಠ ಬೆಳೆದದ್ದಂತೂ ಚರಿತ್ರೆ. ಬಲಿಪೀಠ ಇಲ್ಲವಾದ ಮೇಲೆ ಅದರ ಜಾಗಕ್ಕೆ ನಿತ್ಯದ ಪ್ರಾರ್ಥನೆ ಬಂತು, ಗ್ರಂಥಗಳ ಓದು ಬಂತು, ದಾನಧರ್ಮ ಬಂತು.

ಆ ಕಾಲದ ಒಂದು ಪ್ರಸಂಗ ತಾಲ್ಮುಡ್ ಎಂಬ ಮಹಾಗ್ರಂಥದಲ್ಲಿದೆ. ಅದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ದೇವಾಲಯ ಸುಟ್ಟ ಮೇಲೆ ಕೆಲವರು ಮಾಂಸ ತಿನ್ನುವುದನ್ನೂ ದ್ರಾಕ್ಷಾರಸ ಕುಡಿಯುವುದನ್ನೂ ಬಿಟ್ಟುಬಿಟ್ಟರು. ಯೆಹೋಶುವ ಎಂಬ ಗುರು ಅವರ ಬಳಿಗೆ ಹೋಗಿ ಕಾರಣ ಕೇಳಿದ. ಬಲಿಪೀಠದ ಮೇಲೆ ಮಾಂಸ ಏರುತ್ತಿತ್ತು, ದ್ರಾಕ್ಷಾರಸ ಎರೆಯುತ್ತಿದ್ದರು, ಈಗ ಅವೆರಡೂ ನಿಂತಿವೆ, ನಾವು ಹೇಗೆ ಅನುಭವಿಸುವುದು ಎಂದರು ಅವರು. ಹಾಗಾದರೆ ರೊಟ್ಟಿಯನ್ನೂ ಬಿಡಬೇಕಲ್ಲ, ಹಿಟ್ಟಿನ ನೈವೇದ್ಯವೂ ನಿಂತಿದೆಯಲ್ಲ ಎಂದ ಗುರು. ಹಣ್ಣು ತಿಂದು ಬದುಕುತ್ತೇವೆ ಎಂದರು. ಮೊದಲ ಫಲದ ಕಾಣಿಕೆಯೂ ನಿಂತಿದೆ ಎಂದ ಗುರು. ಬೇರೆ ಹಣ್ಣು ತಿನ್ನುತ್ತೇವೆ ಎಂದರು. ನೀರನ್ನೂ ಬಲಿಪೀಠಕ್ಕೆ ಎರೆಯುತ್ತಿದ್ದರು, ಇನ್ನು ನೀರನ್ನೂ ಕುಡಿಯಬಾರದಲ್ಲವೆ ಎಂದು ಆತ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ.

ಆಗ ಯೆಹೋಶುವ ಅವರನ್ನು ಗದರಿಸಲಿಲ್ಲ, ಮರೆತುಬಿಡಿ ಎಂದೂ ಹೇಳಲಿಲ್ಲ. ಅಳದೆ ಇರುವುದು ಆಗದ ಮಾತು, ಅಳತೆ ಮೀರಿ ಅಳುವುದೂ ಆಗದ ಮಾತು ಎಂಬುದು ಆತನ ತೀರ್ಮಾನ. ಬಹುಮಂದಿ ಹೊರಲಾರದ ಕಟ್ಟಳೆಯನ್ನು ಜನರ ಮೇಲೆ ಹೇರಬಾರದು ಎಂದೂ ಆತ ನೆನಪಿಸಿದ. ಮಾಡಬೇಕಾದದ್ದು ಇಷ್ಟೇ: ಹೊಸ ಮನೆ ಕಟ್ಟಿ, ಗಾರೆ ಹಚ್ಚಿ, ಆದರೆ ಒಂದು ಸಣ್ಣ ಭಾಗವನ್ನು ಹಾಗೆಯೇ ಬಿಡಿ. ಅದು ಒಂದು ಮೊಳದಷ್ಟಿರಬೇಕು, ಬಾಗಿಲಿಗೆ ಎದುರಾಗಿರಬೇಕು ಎಂದು ಮುಂದಿನವರು ಅಳತೆಯನ್ನೂ ಹೇಳಿದರು. ಔತಣ ಮಾಡಿ, ಒಂದು ಪದಾರ್ಥ ಕಡಿಮೆ ಮಾಡಿ. ಹೆಣ್ಣುಮಕ್ಕಳು ಒಡವೆ ಹಾಕಿಕೊಳ್ಳಲಿ, ಒಂದನ್ನು ಬಿಡಲಿ.

ಕೇಳುಗರೇ, ಈ ಒಂದು ಮೊಳದ ಲೆಕ್ಕದಲ್ಲಿ ಎಷ್ಟು ವಿವೇಕವಿದೆ ನೋಡಿ. ಮನೆಯನ್ನೇ ಕಟ್ಟದೆ ಕುಳಿತರೆ ಮಕ್ಕಳು ಬಯಲಿನಲ್ಲಿ ಮಲಗಬೇಕು. ಗೋಡೆಯನ್ನೆಲ್ಲ ಸಾರಿಸಿ ನುಣುಪು ಮಾಡಿದರೆ ಹಿಂದೆ ಏನಾಗಿತ್ತು ಎಂಬುದು ಮೊಮ್ಮಕ್ಕಳಿಗೆ ತಿಳಿಯುವುದಿಲ್ಲ. ಅದಕ್ಕಾಗಿ ಬಾಗಿಲು ದಾಟಿ ಒಳಗೆ ಬಂದವರ ಕಣ್ಣಿಗೆ ಬೀಳುವಂತೆ ಒಂದು ಮೊಳ. ಯಹೂದಿಗಳ ಮದುವೆಯಲ್ಲಿ ಗಾಜಿನ ಲೋಟವನ್ನು ಕಾಲಿನಿಂದ ಒಡೆಯುವ ಪದ್ಧತಿಗೂ ಸಾಮಾನ್ಯವಾಗಿ ಇದೇ ಅರ್ಥ ಹೇಳುತ್ತಾರೆ. ಸಂತೋಷದ ನಡುವೆ ಒಂದು ಕ್ಷಣ ಆ ಹಳೆಯ ನಷ್ಟದ ನೆನಪು, ಅದರ ಬೆನ್ನಿಗೇ ಹಾಡು, ಕುಣಿತ.

ನಾಡಿನ ದುಃಖಕ್ಕೆ ಹಾಕಿದ ಅಳತೆಯನ್ನೇ ಅವರು ಮನೆಯ ಸಾವಿಗೂ ಹಾಕಿದ್ದಾರೆ. ಮೊದಲ ಏಳು ದಿನ ‘ಶಿವಾ’. ಅವರ ಭಾಷೆಯಲ್ಲಿ ಏಳು ಎಂದೇ ಅದರ ಅರ್ಥ, ನಮ್ಮ ದೇವರ ಹೆಸರಿಗೂ ಅದಕ್ಕೂ ಸಂಬಂಧವಿಲ್ಲ. ಉಟ್ಟ ಬಟ್ಟೆಯನ್ನು ಸ್ವಲ್ಪ ಹರಿದುಕೊಂಡು, ತಗ್ಗಾದ ಪೀಠದ ಮೇಲೆ ಕುಳಿತು, ಮನೆ ಬಿಟ್ಟು ಹೋಗದೆ ಇರುತ್ತಾರೆ. ಮೊದಲ ಊಟವನ್ನು ತಮ್ಮ ಮನೆಯ ಅಡುಗೆಯಿಂದ ಉಣ್ಣಬಾರದು, ನೆರೆಯವರು ತರಬೇಕು. ಸಾಮಾನ್ಯವಾಗಿ ಬೇಯಿಸಿದ ಮೊಟ್ಟೆ, ಬೇಳೆ ತರುತ್ತಾರೆ. ಬದುಕು ದುಂಡಗೆ ತಿರುಗುತ್ತದೆ ಎಂದು ತೋರಿಸಲು ಈ ದುಂಡನೆಯ ಪದಾರ್ಥಗಳಂತೆ. ಏಳನೆಯ ದಿನ ಮುಗಿದಾಗ ಕೆಲವೆಡೆ ಮನೆಯವರನ್ನು ಹೊರಗೆ ಕರೆದುಕೊಂಡು ಬೀದಿಯಲ್ಲಿ ಒಂದು ಸುತ್ತು ನಡೆಸುತ್ತಾರೆ. ಆಮೇಲೆ ಮೂವತ್ತು ದಿನದ ಇನ್ನೊಂದು ಮಟ್ಟ. ತಂದೆತಾಯಿ ತೀರಿಕೊಂಡಿದ್ದರೆ ವರ್ಷದ ಮಟ್ಟ.

ತಂದೆತಾಯಿಯನ್ನು ಕಳೆದುಕೊಂಡವರು ಹನ್ನೊಂದು ತಿಂಗಳು ‘ಕದ್ದೀಶ್’ ಎಂಬ ಪ್ರಾರ್ಥನೆ ಹೇಳುತ್ತಾರೆ. ಅದು ಬಹುಪಾಲು ಅರಮೇಯಿಕ್ ಭಾಷೆಯಲ್ಲಿದೆ. ಜನಸಾಮಾನ್ಯರ ಮಾತಿನಲ್ಲಿರಲಿ ಎಂದು ಹಾಗೆ ಮಾಡಿದರೆಂದು ಹಳೆಯ ವಿದ್ವಾಂಸರು ಕಾರಣ ಕೊಟ್ಟಿದ್ದಾರೆ. ಸತ್ತವರಿಗಾಗಿ ಹೇಳುವ ಆ ಪ್ರಾರ್ಥನೆಯಲ್ಲಿ ಸಾವಿನ ಮಾತೇ ಬರುವುದಿಲ್ಲ, ಬರೀ ದೇವರ ಮಹಿಮೆ ಇದೆ. ಅದನ್ನು ಒಬ್ಬರೇ ಹೇಳುವ ಹಾಗೂ ಇಲ್ಲ, ಕನಿಷ್ಠ ಹತ್ತು ಜನ ಸೇರಿರಬೇಕು. ಹೀಗಾಗಿ ದುಃಖಿ ದಿನವೂ ಮನೆಯಿಂದ ಎದ್ದು ಜನರ ನಡುವೆ ಬರಲೇಬೇಕು. ಒಂಬತ್ತು ಜನವಾದರೂ ಅವನಿಗಾಗಿ ಕಾಯಲೇಬೇಕು.

ಇದೆಲ್ಲ ದೂರದ ಸಂಗತಿ ಎಂದುಕೊಳ್ಳಬೇಡಿ. ಈ ಜನ ನಮ್ಮ ಕರಾವಳಿಗೂ ಬಂದಿದ್ದರು. ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು ಎಣ್ಣೆ ಗಾಣದ ಕಸುಬು ಮಾಡುತ್ತಿದ್ದರು. ಶನಿವಾರ ಗಾಣ ಹೂಡುತ್ತಿರಲಿಲ್ಲವಾದ್ದರಿಂದ ಮರಾಠಿಯಲ್ಲಿ ಅವರಿಗೆ ‘ಶನಿವಾರ ತೇಲಿ’ ಎಂದೇ ಹೆಸರು. ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕೇಳುಗರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಗ್ರಂಥಗಳ ಸಂಪರ್ಕ ತಪ್ಪಿಹೋಗಿದ್ದ ಕಾಲದಲ್ಲೂ ಅವರು ವಾರದ ವಿಶ್ರಾಂತಿ ದಿನವನ್ನೂ ‘ಶೆಮಾ’ ಎಂಬ ಒಂದು ಪ್ರಾರ್ಥನೆಯನ್ನೂ ಬಿಟ್ಟಿರಲಿಲ್ಲ.

ಕಾಸರಗೋಡಿನ ಕೇಳುಗರಿಗೆ ಇನ್ನೂ ಹತ್ತಿರದ ಒಂದು ಕಥೆ ಇದೆ. ೧೨ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ಇದ್ದ. ಆಫ್ರಿಕಾದ ಉತ್ತರ ತೀರದ ಮಹದಿಯಾ ಎಂಬ ಊರಿನವನು. ೧೧೩೨ರಲ್ಲಿ ಇಲ್ಲಿ ಆಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದ, ಆಕೆಯೇ ಅವನ ಮಕ್ಕಳ ತಾಯಿ ಎನ್ನುತ್ತಾರೆ ವಿದ್ವಾಂಸರು. ಅವನು ಬರೆಯುತ್ತಿದ್ದದ್ದು ಅರಬ್ಬೀ ಭಾಷೆ, ಲಿಪಿ ಮಾತ್ರ ಹೀಬ್ರೂ. ೧೧೪೮ರಲ್ಲಿ ಸಿಸಿಲಿಯ ಅರಸನ ಸೈನ್ಯ ಮಹದಿಯಾವನ್ನು ಹಿಡಿದಾಗ ಅವನ ಒಡಹುಟ್ಟಿದವರು ನಿರಾಶ್ರಿತರಾದರು. ೧೧೪೯ರಲ್ಲಿ ಅವನು ಏಡನ್ನಿಗೆ ಮರಳಿ, ತನ್ನ ಗಳಿಕೆಯಲ್ಲಿ ಪಾಲು ಕೊಡುತ್ತೇನೆ ಬನ್ನಿ ಎಂದು ಅವರಿಗೆ ಕಾಗದ ಬರೆದ. ಮುಂದೆ ಯೆಮನ್ನಿನಲ್ಲಿ ಅವನ ಮಗ ತೀರಿಕೊಂಡ. ಉಳಿದ ಒಬ್ಬಳೇ ಮಗಳಿಗೆ ೧೧೫೬ರಲ್ಲಿ ಸಹೋದರನ ಮಗನೊಡನೆ ಮದುವೆಯಾಯಿತು.

ಮಂಗಳೂರಿನ ಈ ಸಂಸಾರದ ಸುಖದುಃಖ ನಮಗೆ ಗೊತ್ತಾದದ್ದು ಹೇಗೆ? ದೇವರ ಹೆಸರು ಇರಬಹುದಾದ ಯಾವ ಬರಹವನ್ನೂ ಕಸಕ್ಕೆ ಎಸೆಯಬಾರದೆಂಬುದು ಯಹೂದಿಗಳ ನಿಯಮ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾಮಂದಿರದ ಒಂದು ಕೋಣೆಯಲ್ಲಿ ಅಂಥ ಹಾಳೆಗಳು ಶತಮಾನಗಳ ಕಾಲ ಬಿದ್ದಿದ್ದವು. ೧೮೯೬-೯೭ರಲ್ಲಿ ಸೊಲೊಮನ್ ಶೆಖ್ಟರ್ ಎಂಬ ವಿದ್ವಾಂಸ ಅವುಗಳಲ್ಲಿ ಒಂದು ಲಕ್ಷ ತೊಂಬತ್ತು ಸಾವಿರದಷ್ಟು ತುಣುಕುಗಳನ್ನು ಕೇಂಬ್ರಿಜ್‌ಗೆ ಸಾಗಿಸಿದ. ಬೆನ್ ಯಿಜುವಿನ ಕಾಗದಗಳು ಸಿಕ್ಕಿದ್ದು ಆ ಕೋಣೆಯ ರಾಶಿಯಲ್ಲೇ. ಅಕ್ಷರದ ಮೇಲಿನ ಈ ಅಕ್ಕರೆ ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಮುಂದಿನದು ಇನ್ನೂ ಕಠಿಣವಾದ ಉದಾಹರಣೆ.

ನವೆಂಬರ್ ೧೯೪೦ರಲ್ಲಿ ಜರ್ಮನಿಯ ನಾಜಿಗಳು ಪೋಲೆಂಡಿನ ವಾರ್ಸಾ ನಗರದ ಯಹೂದಿಗಳನ್ನು ಗೋಡೆ ಕಟ್ಟಿದ ಒಂದು ವಠಾರದೊಳಗೆ ಕೂಡಿಹಾಕಿದರು. ಒಳಗೆ ನಾಲ್ಕು ಲಕ್ಷಕ್ಕೂ ಮಿಕ್ಕಿದ ಜನ. ಹಸಿವೆ, ಟೈಫಸ್ ಜ್ವರ, ಬೀದಿಯಲ್ಲೇ ಸಾವು. ಅಲ್ಲಿ ಇಮಾನ್ಯುಯೆಲ್ ರಿಂಗೆಲ್‌ಬ್ಲುಮ್ ಎಂಬ ಚರಿತ್ರೆಕಾರ ಗುಟ್ಟಾಗಿ ಒಂದು ತಂಡ ಕಟ್ಟಿದ. ಶನಿವಾರಗಳಂದು ಸೇರುತ್ತಿದ್ದುದರಿಂದ ಅದಕ್ಕೆ ‘ಓಯ್ನೆಗ್ ಶಬ್ಬೆಸ್’ ಎಂಬ ಹೆಸರು, ಸಬ್ಬತ್ ದಿನದ ಸಂತೋಷ ಎಂದು ಅರ್ಥ. ದಿನಚರಿ, ಪಡಿತರ ಚೀಟಿ, ಮಕ್ಕಳ ಬರಹ, ಮಿಠಾಯಿ ಕಾಗದದವರೆಗೆ ಸಿಕ್ಕಿದ್ದನ್ನೆಲ್ಲ ಅವರು ಕೂಡಿಟ್ಟರು. ೧೯೪೨ರ ಜುಲೈ ೨೨ರಂದು, ಅಂದರೆ ತಿಷಾ ಬೆ ಆವ್ ಉಪವಾಸದ ಹಿಂದಿನ ದಿನ, ಜನರನ್ನು ಟ್ರೆಬ್ಲಿಂಕಾ ಕೊಲೆಶಿಬಿರಕ್ಕೆ ಸಾಗಿಸುವುದು ಶುರುವಾಯಿತು. ಎರಡು ತಿಂಗಳಲ್ಲಿ ಸುಮಾರು ಎರಡು ಲಕ್ಷ ಅರುವತ್ತು ಸಾವಿರ ಮಂದಿ ಹೋದರು. ಆಗಸ್ಟ್ ತಿಂಗಳಲ್ಲಿ ಕಾಗದಗಳ ಒಂದು ಭಾಗವನ್ನು ಹತ್ತು ತಗಡಿನ ಪೆಟ್ಟಿಗೆಗಳಲ್ಲಿ ತುಂಬಿ ಒಂದು ಶಾಲೆಯ ನೆಲಮಾಳಿಗೆಯಲ್ಲಿ ಹೂತರು. ಮುಂದಿನ ವರ್ಷ ಇನ್ನೊಂದು ಭಾಗವನ್ನು ಎರಡು ಹಾಲಿನ ಕ್ಯಾನುಗಳಲ್ಲಿ ಹೂತರು. ರಿಂಗೆಲ್‌ಬ್ಲುಮ್‌ನನ್ನು ೧೯೪೪ರ ಮಾರ್ಚ್‌ನಲ್ಲಿ ಕೊಂದರು. ಸುಮಾರು ಅರುವತ್ತು ಜನರ ಆ ತಂಡದಲ್ಲಿ ಬದುಕಿ ಉಳಿದವರು ಮೂವರು. ಪೆಟ್ಟಿಗೆಗಳು ೧೯೪೬ರಲ್ಲಿ, ಕ್ಯಾನುಗಳು ೧೯೫೦ರಲ್ಲಿ ಅವಶೇಷಗಳಡಿಯಿಂದ ಹೊರಬಂದವು.

ಹಾಗೆ ಉಳಿದ ಕಾಗದಗಳಲ್ಲಿ ಕಲೋನಿಮುಸ್ ಶಪಿರಾ ಎಂಬ ಧರ್ಮಗುರುವಿನ ಪ್ರವಚನಗಳೂ ಇದ್ದವು. ೧೯೩೯ರ ಬಾಂಬ್ ದಾಳಿಯಲ್ಲಿ ಅವನ ಮಗನೂ ಸೊಸೆಯೂ ಸತ್ತಿದ್ದರು. ಆದರೂ ೧೯೪೨ರ ಜುಲೈವರೆಗೆ ಆತ ಗ್ರಂಥದ ವಾರದ ಭಾಗವನ್ನು ಹಿಡಿದು ಜನರೊಡನೆ ಮಾತಾಡುವುದನ್ನು ನಿಲ್ಲಿಸಲಿಲ್ಲ. ಹಿಂದೆಯೂ ಇಂಥ ಕಷ್ಟ ಬಂದಿತ್ತು, ದಾಟಿದೆವು ಎಂದು ಮೊದಲು ಧೈರ್ಯ ಹೇಳುತ್ತಿದ್ದ. ಜನರನ್ನು ಸಾಗಿಸಿಕೊಂಡು ಹೋದ ಮೇಲೆ, ೧೯೪೨ರ ಕೊನೆಯಲ್ಲಿ, ತನ್ನ ಆ ಹಳೆಯ ಮಾತಿಗೆ ಆತನೇ ಒಂದು ಟಿಪ್ಪಣಿ ಸೇರಿಸಿದ. ಈಗ ಆಗಿರುವುದಕ್ಕೆ ಹಿಂದಿನ ಯಾವ ಕಷ್ಟವನ್ನೂ ಹೋಲಿಸಲಾಗದು ಎಂಬುದು ಅದರ ತಾತ್ಪರ್ಯ. ಸುಳ್ಳು ಸಮಾಧಾನ ಹೇಳಲು ಅವನಿಗೆ ಮನಸ್ಸು ಬರಲಿಲ್ಲ. ೧೯೪೩ರ ನವೆಂಬರ್‌ನಲ್ಲಿ ಅವನೂ ಕೊಲೆಯಾದ. ಪ್ರವಚನಗಳು ೧೯೬೦ರಲ್ಲಿ ಇಸ್ರೇಲಿನಲ್ಲಿ ಅಚ್ಚಾದವು.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕು. ಗ್ರಂಥ ಅವರ ಜೀವ ಉಳಿಸಲಿಲ್ಲ. ಆ ಯುದ್ಧದಲ್ಲಿ ಸುಮಾರು ಅರುವತ್ತು ಲಕ್ಷ ಯಹೂದಿಗಳನ್ನು ಕೊಂದರು. ಕಷ್ಟ ಮನುಷ್ಯನನ್ನು ಗಟ್ಟಿಮಾಡುತ್ತದೆ ಎಂದು ಸುಲಭವಾಗಿ ಹೇಳುವವರು ಈ ಸಂಖ್ಯೆಯ ಮುಂದೆ ಸ್ವಲ್ಪ ಮೌನವಾಗಿರುವುದು ಒಳ್ಳೆಯದು. ಸಂಪ್ರದಾಯದಿಂದ ಆದದ್ದು ಬೇರೆ. ಕೊನೆಯವರೆಗೂ ಮನುಷ್ಯರಾಗಿ ಒಟ್ಟಿಗೆ ಕುಳಿತುಕೊಳ್ಳಲು ಅದು ಅವರಿಗೊಂದು ಜಾಗ ಕೊಟ್ಟಿತು. ಉಳಿದವರಿಗೆ ಮತ್ತೆ ಎಲ್ಲಿಂದ ಶುರುಮಾಡಬೇಕೆಂದು ತೋರಿಸಿತು.

ಉಳಿದವರು ಶುರುಮಾಡಿದ್ದು ಹೇಗೆಂದು ನೋಡಿ. ಯುದ್ಧ ಮುಗಿದ ಮೇಲೆ ಜರ್ಮನಿಯ ನಿರಾಶ್ರಿತರ ಶಿಬಿರಗಳಲ್ಲಿದ್ದ ಧರ್ಮಗುರುಗಳು ಅಮೆರಿಕದ ಸೈನ್ಯವನ್ನು ಕೇಳಿದ ವಸ್ತುಗಳಲ್ಲಿ ಒಂದು ತಾಲ್ಮುಡ್ ಗ್ರಂಥ. ನಾಜಿಗಳು ಎಷ್ಟು ಪುಸ್ತಕ ನಾಶಮಾಡಿದ್ದರೆಂದರೆ ಅಚ್ಚಿಗೆ ಬೇಕಾದ ಪೂರ್ಣ ಪ್ರತಿಯನ್ನು ಅಮೆರಿಕದಿಂದಲೇ ತರಿಸಬೇಕಾಯಿತು. ೧೯೪೮ರಿಂದ ಮುಂದಕ್ಕೆ ಹೈಡೆಲ್‌ಬರ್ಗ್ ನಗರದಲ್ಲಿ ಅದು ೧೯ ಸಂಪುಟಗಳಲ್ಲಿ ಅಚ್ಚಾಯಿತು. ಮುಖಪುಟದ ಕೆಳಗೆ ಮುಳ್ಳುತಂತಿಯ ಶಿಬಿರದ ಚಿತ್ರ, ಮೇಲೆ ತಾಳೆ ಜಾತಿಯ ಮರಗಳಿರುವ ಹಿರಿಯರ ನಾಡಿನ ಚಿತ್ರ. ಹೊಸ ಪುಸ್ತಕಕ್ಕೂ ಅವರು ಒಂದು ಮೊಳ ಬಿಟ್ಟರು ಎನ್ನೋಣ. ದಿನಕ್ಕೊಂದು ಹಾಳೆಯಂತೆ ತಾಲ್ಮುಡ್ ಓದುವ ಪದ್ಧತಿ ೧೯೨೩ರಲ್ಲಿ ಶುರುವಾದದ್ದು ಈಗಲೂ ಲೋಕದ ನಾನಾ ಕಡೆ ನಡೆದಿದೆ. ಒಂದು ಸುತ್ತು ಮುಗಿಯಲು ೨,೭೧೧ ದಿನ ಬೇಕು, ಸುಮಾರು ಏಳೂವರೆ ವರ್ಷ. ಮುಗಿದ ಕೂಡಲೇ ಮೊದಲ ಹಾಳೆಯಿಂದ ಮತ್ತೆ ಆರಂಭ.

ಈ ಮಾತುಗಳನ್ನು ಕೇಳುತ್ತಿರುವ ನಿಮ್ಮಲ್ಲಿ ಯಾರದಾದರೂ ಮನೆಯಲ್ಲಿ ಈಚೆಗೆ ಸಾವಾಗಿರಬಹುದು. ಬೇಗ ಮರೆತುಬಿಡು ಎಂದು ಕೆಲವರು ಹೇಳಿರಬಹುದು. ಇನ್ನು ಕೆಲವರು, ಇಷ್ಟು ಬೇಗ ನಗುತ್ತಿದ್ದೀಯಾ ಎಂದು ಆಕ್ಷೇಪಿಸಿರಬಹುದು. ಎರಡಕ್ಕೂ ಯೆಹೋಶುವನ ಉತ್ತರವಿದೆ. ಮನೆಯನ್ನು ಮತ್ತೆ ಕಟ್ಟಿಕೊಳ್ಳಿ, ಒಂದು ಮೊಳ ಬಿಟ್ಟುಕೊಳ್ಳಿ.

ನೆರೆಮನೆಯಲ್ಲಿ ದುಃಖವಿದ್ದರೆ ಯಹೂದಿಗಳು ಪಾಲಿಸುವ ಇನ್ನೊಂದು ನಿಯಮವನ್ನೂ ನೆನಪಿಡಬಹುದು. ಯೋಬ ಎಂಬ ಭಕ್ತ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಕುಳಿತಾಗ ಗೆಳೆಯರು ಬಂದು ಏಳು ದಿನ ಮಾತಾಡದೆ ಅವನ ಜೊತೆ ನೆಲದ ಮೇಲೆ ಕುಳಿತಿದ್ದರಂತೆ. ಅದರಿಂದ ಬಂದ ಕಟ್ಟಳೆ ಇದು: ಶೋಕದ ಮನೆಗೆ ಹೋದವರು, ದುಃಖದಲ್ಲಿರುವವರು ತಾವಾಗಿ ಮಾತು ಎತ್ತುವವರೆಗೆ ಮಾತಾಡಬಾರದು. ಉಪದೇಶ ಹೇಳಬೇಕಾಗಿಲ್ಲ. ಒಂದು ಪಾತ್ರೆಯಲ್ಲಿ ಊಟ ತೆಗೆದುಕೊಂಡು ಹೋಗಿ, ಪಕ್ಕದಲ್ಲಿ ಕುಳಿತುಕೊಳ್ಳಿ. ಅವರು ಮಾತಾಡಿದಾಗ ಕೇಳಿಸಿಕೊಳ್ಳಿ.